ದಾರಿ ತಪ್ಪಿಸುವ ಬಳ್ಳಿ

ಮಲೆನಾಡಿನ ಹಿರಿಯರಲ್ಲಿ ಒಂದು ನಂಬಿಕೆ ಬಹುಕಾಲದಿಂದ ನಡೆದುಬಂದಿದೆ. ಕಾಡಿನಲ್ಲಿ ಒಂದು ಬಗೆಯ ಬಳ್ಳಿ ಉಂಟಂತೆ. ಅರಿಯದೆ ಅದನ್ನು ತುಳಿದವನಿಗೆ ದಿಕ್ಕು ತಪ್ಪುತ್ತದಂತೆ. ಎಷ್ಟು ನಡೆದರೂ ಅವನು ಸುತ್ತಿ ಸುತ್ತಿ ತಾನು ಹೊರಟ ಸ್ಥಳಕ್ಕೇ ಬಂದು ಸೇರುತ್ತಾನಂತೆ. ಇಂಥ ಬಳ್ಳಿಯನ್ನು ಸಸ್ಯಶಾಸ್ತ್ರಜ್ಞರು ಯಾರೂ ಗುರುತಿಸಿಲ್ಲ. ಆದರೆ ಆ ನಂಬಿಕೆಯಲ್ಲಿ ಅಡಗಿರುವ ಅನುಭವ ಮಾತ್ರ ಸುಳ್ಳಲ್ಲ. ಕಾಡಿನಲ್ಲಿ ಗುರುತು ತಪ್ಪಿದವನು ಸುತ್ತಿ ಬರುವುದು ದಿಟ. ಅದಕ್ಕೆ ಕಾರಣವೇನೆಂಬುದನ್ನೂ, ಅದರಿಂದ ಪಾರಾಗುವ ಬಗೆಯನ್ನೂ ಈ ಲೇಖನದಲ್ಲಿ ವಿಚಾರಮಾಡೋಣ. ಈ ವಿಷಯವನ್ನು ನಾವು ಕೇವಲ ಪುಸ್ತಕಗಳಿಂದ ಕಲಿತವರಲ್ಲ. ಒಂದು ಮಧ್ಯಾಹ್ನ ಕಳಸದ ಸಮೀಪದ ಕಾಡಿನಲ್ಲಿ ನಾವೇ ಆ ಬಳ್ಳಿಯನ್ನು ತುಳಿದವರು.

ಪರದೇಶದಲ್ಲಿ ಕಲಿತ ಅಭ್ಯಾಸ

ಕೆಲವು ವರ್ಷಗಳ ಹಿಂದೆ ನಾವು ಜರ್ಮನಿಯ ಟ್ಯೂಬಿಂಗೆನ್ ನಗರದಲ್ಲಿ ಒಂದು ವರ್ಷ ವಾಸವಾಗಿದ್ದೆವು. ಆ ಊರಿನ ಉತ್ತರಕ್ಕೆ ಷೋನ್‌ಬುಖ್ ಎಂಬ ವಿಶಾಲವಾದ ಅರಣ್ಯವಿದೆ. ಹಿಂದೆ ವುರ್ಟೆಂಬರ್ಗ್ ದೊರೆಗಳ ಬೇಟೆಯ ಕಾಡಾಗಿದ್ದ ಅದನ್ನು 1972ರಲ್ಲಿ ನಿಸರ್ಗೋದ್ಯಾನವೆಂದು ಘೋಷಿಸಿ ಕಾಪಾಡಿಕೊಂಡು ಬಂದಿದ್ದಾರೆ. ವಿಶ್ರಾಂತಿಗಾಗಿ ಕಾಡಿನೊಳಗೆ ನಡೆದಾಡುವ ಹಕ್ಕನ್ನು ಆ ದೇಶದ ಅರಣ್ಯ ಕಾಯಿದೆಯೇ ಪ್ರಜೆಗಳಿಗೆ ಕೊಟ್ಟಿದೆ. ಬಿಡುವಿನ ದಿನಗಳಲ್ಲಿ ಮಧ್ಯಾಹ್ನದ ಊಟ ಮುಗಿಸಿ ನಾವು ಒಂಟಿಯಾಗಿ ಆ ಕಾಡಿಗೆ ಹೋಗುತ್ತಿದ್ದೆವು. ಬೀಚ್ ಮತ್ತು ಓಕ್ ಮರಗಳ ನಡುವೆ ಎರಡು ಮೂರು ಗಂಟೆ ಅಲೆದು ಹಿಂದಿರುಗುವುದು ವಾಡಿಕೆಯಾಯಿತು. ಭಾಷೆ ಸರಿಯಾಗಿ ಬಾರದ ಊರಿನಲ್ಲಿ ಮಾತಿಲ್ಲದ ಮರಗಳ ಸಹವಾಸ ನಮಗೆ ಹಿತವೆನಿಸುತ್ತಿತ್ತು.

ಅಲ್ಲಿ ದಾರಿ ತಪ್ಪುವುದು ಸುಲಭವಲ್ಲ. ದಾರಿ ಕವಲೊಡೆಯುವ ಕಡೆಗಳಲ್ಲಿ ಮರದ ಬೊಡ್ಡೆಗಳ ಮೇಲೆ ಬಣ್ಣದ ಗುರುತುಗಳಿರುತ್ತವೆ. ಆದರೂ ಕುತೂಹಲಕ್ಕಾಗಿ, ದಿಕ್ಕು ಕಂಡುಕೊಳ್ಳುವ ಒಂದು ಹಳೆಯ ಉಪಾಯವನ್ನು ನಾವು ಅಲ್ಲಿ ರೂಢಿಸಿಕೊಂಡೆವು. ಕೈಗಡಿಯಾರವನ್ನು ಮಟ್ಟಸವಾಗಿ ಹಿಡಿದು, ಗಂಟೆಯ ಮುಳ್ಳನ್ನು ಸೂರ್ಯನಿರುವ ಕಡೆಗೆ ತಿರುಗಿಸಬೇಕು. ಗಂಟೆಯ ಮುಳ್ಳಿಗೂ 12ರ ಅಂಕೆಗೂ ನಡುವಣ ಕೋನವನ್ನು ಸಮನಾಗಿ ಎರಡು ಭಾಗಮಾಡುವ ರೇಖೆ ದಕ್ಷಿಣವನ್ನು ತೋರಿಸುತ್ತದೆ. ಸ್ಕೌಟ್ ಬಾಲಕರಿಗೆ ಇದು ಚಿರಪರಿಚಿತ. ಷೋನ್‌ಬುಖ್ ಕಾಡಿನಲ್ಲಿ ವಸಂತಕಾಲದ ಮತ್ತು ಶರತ್ಕಾಲದ ಮಧ್ಯಾಹ್ನಗಳಲ್ಲಿ ಈ ಉಪಾಯ ನಮ್ಮನ್ನು ಒಮ್ಮೆಯೂ ಕೈಬಿಡಲಿಲ್ಲ. ಹೀಗಾಗಿ ಅದರಲ್ಲಿ ನಮಗೆ ಪೂರ್ಣ ವಿಶ್ವಾಸ ಬೆಳೆಯಿತು.

ಕಳಸದ ಕಾಡಿನಲ್ಲಿ

ಸ್ವದೇಶಕ್ಕೆ ಹಿಂದಿರುಗಿದ ಮೇಲೆ ಒಂದು ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ನಾವು ಕಳಸದ ಬಳಿ ಇರುವ ಸೋದರಮಾವನವರ ಕಾಫಿ ತೋಟಕ್ಕೆ ಹೋಗಿದ್ದೆವು. ಹೂವಿನ ಮಳೆ ಬಿದ್ದು ಕೆಲವು ದಿನಗಳಾಗಿದ್ದವು. ತೋಟವೆಲ್ಲ ಬೆಳ್ಳಗೆ ಅರಳಿ, ಮಲ್ಲಿಗೆಯನ್ನು ನೆನಪಿಗೆ ತರುವ ಪರಿಮಳ ಮನೆಯೊಳಗೂ ತುಂಬಿತ್ತು. ತೋಟವು ಉತ್ತರ ದಕ್ಷಿಣವಾಗಿ ಉದ್ದಕ್ಕೆ ಹಬ್ಬಿದೆ. ಅದರ ಪಶ್ಚಿಮದ ಅಂಚಿನಲ್ಲಿ ಒಂದು ಅಗಳು. ಅಗಳಿನ ಆಚೆಗೆ ಮೀಸಲು ಅರಣ್ಯ. ತೋಟದ ದಕ್ಷಿಣದ ಕೊನೆಯಲ್ಲಿ ಆಳವಾದ ಒಂದು ಹಳ್ಳವಿದೆ. ಅರಣ್ಯದ ಸಿಬ್ಬಂದಿಗೆ ಮೊದಲೇ ತಿಳಿಸಿ ಅನುಮತಿ ಪಡೆದು, ಮಧ್ಯಾಹ್ನ 2 ಗಂಟೆಗೆ ನಾವು ಒಬ್ಬರೇ ಅಗಳನ್ನು ದಾಟಿ, ಪಶ್ಚಿಮದ ಕಡೆಗೆ ಹೋಗುವ ಕಾಲುದಾರಿಯನ್ನು ಹಿಡಿದೆವು. ಕೈಯಲ್ಲಿ ಒಂದು ಊರುಗೋಲು, ಚೀಲದಲ್ಲಿ ನೀರು ಮತ್ತು ಎರಡು ಕಿತ್ತಳೆ ಹಣ್ಣು, ಇಷ್ಟೇ ನಮ್ಮ ಸಾಮಗ್ರಿ. "ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಪ್ಪಾ" ಎಂದು ಮಾವನವರು ಹೇಳಿದರು. ಪರದೇಶದ ಕಾಡಿನಲ್ಲೇ ಒಂಟಿಯಾಗಿ ಅಲೆದವರು ನಾವು. ನಮ್ಮ ಊರಿನ ಕಾಡಿಗೆ ಜೊತೆ ಏಕೆಂದು ನಕ್ಕೆವು.

ಸುಮಾರು ಒಂದು ಗಂಟೆ ನಡೆದ ಮೇಲೆ ದಾರಿಯ ಬದಿಯ ಒಂದು ಬಂಡೆಯ ಮೇಲೆ ಕುಳಿತು ಕಿತ್ತಳೆ ತಿಂದೆವು. ಸಮೀಪದಲ್ಲಿ ಒಂದು ಹಕ್ಕಿಯ ಸಿಳ್ಳು ಕೇಳಿಸಿತು. ಅದನ್ನು ನೋಡಬೇಕೆಂದು ದಾರಿಯನ್ನು ಬಿಟ್ಟು ನೂರಿನ್ನೂರು ಹೆಜ್ಜೆ ಒಳಕ್ಕೆ ಹೋದೆವು. ಹಕ್ಕಿ ಕಾಣಲಿಲ್ಲ. ಅಷ್ಟರಲ್ಲಿ ಬೇಸಗೆಯ ಮೋಡ ಕವಿದು ಸೂರ್ಯ ಮರೆಯಾದನು. ಬಂದ ಕಡೆಗೇ ನೆಟ್ಟಗೆ ತಿರುಗಿ ನಡೆದೆವೆಂದು ನಮ್ಮ ಭಾವನೆ. ಇನ್ನೂರು ಹೆಜ್ಜೆ ಕಳೆದವು, ನಾನೂರು ಕಳೆದವು; ಕಾಲುದಾರಿ ಸಿಗಲಿಲ್ಲ. ಹೆಬ್ಬಲಸು, ಧೂಪ, ಬೈನೆ ಮರಗಳು ಎಲ್ಲ ಕಡೆಗೂ ಒಂದೇ ರೀತಿ ಕಾಣುತ್ತಿದ್ದವು. ಅರ್ಧ ಗಂಟೆ ನಡೆದಮೇಲೆ ಎಲೆಗಳ ನಡುವೆ ಏನೋ ಹೊಂಬಣ್ಣವಾಗಿ ಹೊಳೆಯಿತು. ಬಾಗಿ ನೋಡಿದರೆ ಅದು ಕಿತ್ತಳೆಯ ಸಿಪ್ಪೆ. ಹಕ್ಕಿಯನ್ನು ಹುಡುಕುತ್ತ ಹೋಗುವಾಗ ಎರಡನೆಯ ಹಣ್ಣನ್ನು ಸುಲಿದು ನಾವೇ ಎಸೆದಿದ್ದ ಸಿಪ್ಪೆ! ಪರಿಚಿತವಾದ ಗುರುತು ಕಂಡರೂ ನಮಗೆ ಸಂತೋಷವಾಗಲಿಲ್ಲ, ಮೈ ತಣ್ಣಗಾಯಿತು. ಯಾವ ದಿಕ್ಕಿನಿಂದ ಅಲ್ಲಿಗೆ ಬಂದೆವೆಂಬುದೇ ತಿಳಿಯದಿದ್ದರೆ ಆ ಗುರುತಿನಿಂದ ಏನು ಪ್ರಯೋಜನ?

ನಾವು ಸುತ್ತಿ ಬರುವುದೇಕೆ?

ಕಾಕತಾಳೀಯವೆಂಬಂತೆ, ಈ ಪ್ರಶ್ನೆಗೆ ಉತ್ತರ ದೊರೆತದ್ದು ನಾವು ವಾಸವಾಗಿದ್ದ ಟ್ಯೂಬಿಂಗೆನ್ ನಗರದಲ್ಲಿಯೇ. ಅಲ್ಲಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಯಾನ್ ಸೌಮನ್ ಮತ್ತು ಅವರ ಸಂಗಡಿಗರು ನಡೆಸಿದ ಪ್ರಯೋಗಗಳು 2009ರಲ್ಲಿ ಪ್ರಕಟವಾದವು. ಅವರು ಆರು ಮಂದಿಯನ್ನು ಬೀನ್‌ವಾಲ್ಡ್ ಎಂಬ ಸಮತಟ್ಟಾದ ದೊಡ್ಡ ಕಾಡಿಗೆ ಕರೆದೊಯ್ದು, ನೇರವಾಗಿ ನಡೆಯುತ್ತಾ ಹೋಗುವಂತೆ ಹೇಳಿದರು. ಉಪಗ್ರಹಗಳ ಸಹಾಯದಿಂದ ಅವರು ನಡೆದ ದಾರಿಯನ್ನು ಗುರುತಿಸಿಕೊಂಡರು. ಮೋಡ ಕವಿದ ದಿನ ನಡೆದ ನಾಲ್ವರೂ ಸುತ್ತು ಹಾಕಿದರು; ಅವರಲ್ಲಿ ಮೂವರು ತಾವು ಹಿಂದೆ ದಾಟಿದ್ದ ದಾರಿಯನ್ನು ತಾವೇ ಮತ್ತೆ ಮತ್ತೆ ಅಡ್ಡಹಾಯ್ದರು. ಅದು ಅವರಿಗೆ ತಿಳಿಯಲೇ ಇಲ್ಲ. ಸೂರ್ಯ ಕಾಣುತ್ತಿದ್ದಾಗ ನಡೆದ ಇಬ್ಬರು ಮಾತ್ರ ಹೆಚ್ಚುಕಡಿಮೆ ನೇರವಾಗಿಯೇ ಸಾಗಿದರು. ಟ್ಯುನೀಷಿಯಾ ದೇಶದ ಸಹಾರಾ ಮರುಭೂಮಿಯಲ್ಲಿ ಒಬ್ಬನು ಹುಣ್ಣಿಮೆಯ ರಾತ್ರಿ ನಡೆದನು. ಚಂದ್ರ ಕಾಣುವವರೆಗೆ ಅವನ ದಾರಿ ನೇರವಾಗಿತ್ತು. ಚಂದ್ರ ಮೋಡದಲ್ಲಿ ಮರೆಯಾದ ಮೇಲೆ ಅವನು ತಿರುಗಿ ತಿರುಗಿ ಬಂದ ಕಡೆಗೇ ಮುಖಮಾಡಿದನು. ಕಣ್ಣಿಗೆ ಬಟ್ಟೆ ಕಟ್ಟಿ ಬಯಲಿನಲ್ಲಿ ನಡೆಸಿದಾಗ ಕೆಲವರು 20 ಮೀಟರಿಗಿಂತಲೂ ಕಡಿಮೆ ವ್ಯಾಸದ ವೃತ್ತಗಳಲ್ಲಿ ಸುತ್ತಿದರು.

ಒಂದು ಕಾಲು ಇನ್ನೊಂದಕ್ಕಿಂತ ಉದ್ದವಾಗಿರುವುದರಿಂದ ಹೀಗಾಗುತ್ತದೆಂದು ಹಿಂದೆ ಹಲವರು ಊಹಿಸಿದ್ದರು. ಈ ಪ್ರಯೋಗಗಳು ಆ ಊಹೆಯನ್ನು ಸಮರ್ಥಿಸಲಿಲ್ಲ. ಏಕೆಂದರೆ ಒಬ್ಬನೇ ವ್ಯಕ್ತಿ ಒಮ್ಮೆ ಎಡಕ್ಕೂ ಇನ್ನೊಮ್ಮೆ ಬಲಕ್ಕೂ ತಿರುಗುತ್ತಿದ್ದನು. ನಿಜವಾದ ಕಾರಣ, 'ನೇರ' ಎಂಬ ನಮ್ಮ ಒಳ ಅರಿವಿನಲ್ಲಿಯೇ ಸಣ್ಣ ಸಣ್ಣ ತಪ್ಪುಗಳು ಸೇರುತ್ತಾ ಹೋಗುವುದು. ನಮ್ಮ ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ತಲೆಯ ತಿರುಗುವಿಕೆಯನ್ನು ಅವು ಮೆದುಳಿಗೆ ತಿಳಿಸುತ್ತವೆ. ಆದರೆ ತಟ್ಟನೆ ತಿರುಗಿದುದು ಅವುಗಳಿಗೆ ತಿಳಿಯುವಂತೆ ಬಹು ನಿಧಾನವಾಗಿ ತಿರುಗಿದುದು ತಿಳಿಯುವುದಿಲ್ಲ.

ವಾಚಕರು ಒಂದು ಸುಲಭವಾದ ಲೆಕ್ಕ ಮಾಡಿ ನೋಡಬಹುದು. ಪ್ರತಿ ಹೆಜ್ಜೆಗೆ ಕೇವಲ 1 ಡಿಗ್ರಿಯಷ್ಟು ಒಂದೇ ಪಕ್ಕಕ್ಕೆ ವಾಲಿದೆವೆನ್ನೋಣ. 360 ಹೆಜ್ಜೆಗಳಲ್ಲಿ ಒಂದು ಸುತ್ತು ಪೂರ್ಣವಾಗುತ್ತದೆ. ಹೆಜ್ಜೆಯ ಉದ್ದ 70 ಸೆಂಟಿಮೀಟರ್ ಆದರೆ ಆ ವೃತ್ತದ ಪರಿಧಿ 252 ಮೀಟರ್, ವ್ಯಾಸ ಸುಮಾರು 80 ಮೀಟರ್. ಒಂದು ಡಿಗ್ರಿಯ ವಾಲುವಿಕೆ ಯಾರ ಗಮನಕ್ಕೂ ಬಾರದಷ್ಟು ಸಣ್ಣದು. ಆದರೂ ಅದು ನಮ್ಮನ್ನು ಐದಾರು ನಿಮಿಷಗಳಲ್ಲಿ ಹೊರಟಲ್ಲಿಗೇ ತಂದು ನಿಲ್ಲಿಸಬಲ್ಲುದು. ವಾಲುವಿಕೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಆದರೂ ತಪ್ಪು ಪೂರ್ತಿಯಾಗಿ ಅಳಿಸಿಹೋಗುವುದಿಲ್ಲ. ಹೆಜ್ಜೆಗಳ ಸಂಖ್ಯೆಯ ವರ್ಗಮೂಲಕ್ಕೆ ಅನುಗುಣವಾಗಿ ಅದು ಬೆಳೆಯುತ್ತದೆ. ಪ್ರತಿ ಹೆಜ್ಜೆಯ ತಪ್ಪು 2 ಡಿಗ್ರಿ ಎಂದಿಟ್ಟುಕೊಂಡರೆ, 100 ಹೆಜ್ಜೆಗಳ ಮೇಲೆ ಸುಮಾರು 20 ಡಿಗ್ರಿ, 900 ಹೆಜ್ಜೆಗಳ ಮೇಲೆ ಸುಮಾರು 60 ಡಿಗ್ರಿಗಳಷ್ಟು ದಿಕ್ಕು ಕದಲಿರುತ್ತದೆ. ಸೂರ್ಯ, ಚಂದ್ರ, ದೂರದ ಬೆಟ್ಟ, ಹೀಗೆ ಹೊರಗಿನ ಒಂದು ಸ್ಥಿರ ಗುರುತು ಕಣ್ಣಿಗೆ ಬೀಳುತ್ತಿದ್ದರೆ ಈ ತಪ್ಪು ಆಗಾಗ ತಿದ್ದಿಕೊಳ್ಳುತ್ತದೆ. ಆ ಗುರುತು ಮರೆಯಾದೊಡನೆ ಬಳ್ಳಿ ತುಳಿದಂತೆಯೇ ಸರಿ.

ಗಡಿಯಾರ ಮಾಡಿದ ಮೋಸ

ಸಿಪ್ಪೆಯ ಬಳಿ ನಿಂತಿದ್ದಂತೆಯೇ ಮೋಡ ಸರಿದು ಸೂರ್ಯ ಕಾಣಿಸಿಕೊಂಡನು. ಆಗ 4 ಗಂಟೆ. ನಮ್ಮ ಧೈರ್ಯ ಮರಳಿತು. ಷೋನ್‌ಬುಖ್ ಕಾಡಿನ ಉಪಾಯವನ್ನು ಇಲ್ಲಿ ಪ್ರಯೋಗಿಸುವ ಸಂದರ್ಭ ಬಂದಿತೆಂದು ಗಡಿಯಾರವನ್ನು ಬಿಚ್ಚಿ ಹಿಡಿದೆವು. ಭೌತಶಾಸ್ತ್ರದ ಅಧ್ಯಾಪಕರಾದುದರಿಂದ ಒಂದು ತಿದ್ದುಪಡಿಯನ್ನು ಮಾಡಲು ಮರೆಯಲಿಲ್ಲ. ನಮ್ಮ ಗಡಿಯಾರಗಳು ತೋರಿಸುವುದು 82½ ಡಿಗ್ರಿ ಪೂರ್ವ ರೇಖಾಂಶದ ಕಾಲವನ್ನು. ಕಳಸದ ರೇಖಾಂಶ ಸುಮಾರು 75⅓ ಡಿಗ್ರಿ. ಒಂದು ಡಿಗ್ರಿಗೆ 4 ನಿಮಿಷದಂತೆ ಸುಮಾರು 29 ನಿಮಿಷಗಳ ಅಂತರವಿದೆ. ಮಾರ್ಚ್ ಕೊನೆಯಲ್ಲಿ ಸೂರ್ಯನೇ ಗಡಿಯಾರಕ್ಕಿಂತ ಆರು ನಿಮಿಷ ಹಿಂದೆ ಇರುತ್ತಾನೆ. ಒಟ್ಟು 35 ನಿಮಿಷಗಳನ್ನು ಕಳೆದರೆ ಕಳಸದ ನಿಜವಾದ ಸೂರ್ಯಕಾಲ 3 ಗಂಟೆ 25 ನಿಮಿಷ. ಈ ಲೆಕ್ಕದಂತೆ ದಕ್ಷಿಣವನ್ನು ಗೊತ್ತುಮಾಡಿ, ಅದರಿಂದ ಪೂರ್ವವನ್ನು ಕಂಡುಕೊಂಡು, ತೋಟದ ಕಡೆಗೆಂದು ಗಟ್ಟಿಯಾಗಿ ಹೆಜ್ಜೆ ಹಾಕಿದೆವು.

ನಲವತ್ತು ನಿಮಿಷಗಳ ಅನಂತರ ನಾವು ತೋಟಕ್ಕೆ ಬರಲಿಲ್ಲ. ವಾಟೆ ಒತ್ತಾಗಿ ಬೆಳೆದ ಒಂದು ಆಳವಾದ ಕೊರಕಲಿನ ಅಂಚಿಗೆ ಬಂದು ನಿಂತೆವು. ಕೆಳಗೆ ನೀರಿನ ಸದ್ದು. ಮುಂದೆ ಕಾಲಿಡಲು ಜಾಗವಿಲ್ಲ. ಅದು ತೋಟದ ದಕ್ಷಿಣಕ್ಕಿರುವ ಹಳ್ಳವೆಂದು ಆಮೇಲೆ ತಿಳಿಯಿತು. ಗಡಿಯಾರ ಕೆಟ್ಟಿರಲಿಲ್ಲ, ಲೆಕ್ಕವೂ ತಪ್ಪಿರಲಿಲ್ಲ. ಹಾಗಾದರೆ ತಪ್ಪಿದ್ದು ಯಾವುದು?

ಸೂರ್ಯನು ಗಂಟೆಗೆ 15 ಡಿಗ್ರಿಯಂತೆ ಸುತ್ತುವಂತೆ ಕಾಣುವುದು ನಿಜ. ಆದರೆ ಅವನು ಸುತ್ತುವುದು ನಮ್ಮ ತಲೆಯ ಮೇಲಿನ ನೆಟ್ಟನೆಯ ರೇಖೆಯ ಸುತ್ತಲೂ ಅಲ್ಲ; ಧ್ರುವ ನಕ್ಷತ್ರದ ಕಡೆಗೆ ಚಾಚಿರುವ ಆಕಾಶದ ಅಕ್ಷದ ಸುತ್ತಲೂ. ಭೂಮಿಯ ಉತ್ತರ ಧ್ರುವದಲ್ಲಿ ನಿಂತವನಿಗೆ ಈ ಅಕ್ಷ ನೆಟ್ಟಗೆ ತಲೆಯ ಮೇಲಿರುತ್ತದೆ. ಅಲ್ಲಿ ಸೂರ್ಯ ಗಾಣದ ಎತ್ತಿನಂತೆ ದಿಗಂತಕ್ಕೆ ಸಮಾನಾಂತರವಾಗಿ ಸುತ್ತುತ್ತಾನೆ. ಗಡಿಯಾರದ ಉಪಾಯ ಅಲ್ಲಿ ಕರಾರುವಾಕ್ಕಾಗಿರುತ್ತದೆ. ಟ್ಯೂಬಿಂಗೆನ್ ನಗರದ ಅಕ್ಷಾಂಶ ಸುಮಾರು 48½ ಡಿಗ್ರಿ. ಅಲ್ಲಿ ಅಕ್ಷ ಅರ್ಧಕ್ಕಿಂತ ಹೆಚ್ಚಾಗಿಯೇ ನಿಮಿರಿ ನಿಂತಿದೆ. ಕಳಸದ ಅಕ್ಷಾಂಶವಾದರೋ 13¼ ಡಿಗ್ರಿ ಮಾತ್ರ. ತೋಳು ಚಾಚಿ ಹಿಡಿದ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ನಮ್ಮಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಅಂಥ ಒಂದೂಕಾಲು ಮುಷ್ಟಿಯಷ್ಟೇ ಮೇಲಿದೆ. ಅಂದರೆ ಇಲ್ಲಿ ಆಕಾಶದ ಅಕ್ಷ ಹೆಚ್ಚುಕಡಿಮೆ ನೆಲದ ಮೇಲೆ ಮಲಗಿದಂತೆಯೇ ಇದೆ. ಆದುದರಿಂದ ನಮ್ಮ ಸೂರ್ಯ ಗಾಣದ ಎತ್ತಿನಂತೆ ಸುತ್ತುವುದಿಲ್ಲ. ಬಾವಿಯ ರಾಟೆಯಂತೆ ಪೂರ್ವದಿಂದ ಮೇಲಕ್ಕೇರಿ ಪಶ್ಚಿಮಕ್ಕೆ ಇಳಿಯುತ್ತಾನೆ.

ಇದರ ಫಲವನ್ನು ಅಂಕಿಗಳಲ್ಲಿ ನೋಡೋಣ. ಮಾರ್ಚ್ ಕೊನೆಯ ವಾರ, ಸೂರ್ಯಕಾಲ 3-25. ಗಡಿಯಾರದ ಉಪಾಯದಂತೆ ಸೂರ್ಯನು ದಕ್ಷಿಣದಿಂದ ಪಶ್ಚಿಮಕ್ಕೆ 51 ಡಿಗ್ರಿ ಸರಿದಿರಬೇಕು. ಟ್ಯೂಬಿಂಗೆನ್ನಿನಲ್ಲಿ ಆಗ ಅವನು ನಿಜವಾಗಿ ಇರುವುದು ಸುಮಾರು 60 ಡಿಗ್ರಿಯಲ್ಲಿ. ತಪ್ಪು ಹತ್ತು ಡಿಗ್ರಿಗೂ ಕಡಿಮೆ. ಕಾಲುದಾರಿ ಹಿಡಿದು ನಡೆಯುವವನಿಗೆ ಅದು ತಿಳಿಯುವುದೂ ಇಲ್ಲ. ಕಳಸದಲ್ಲಿ ಅವನು ಇರುವುದು ಸುಮಾರು 83 ಡಿಗ್ರಿಯಲ್ಲಿ, ಎಂದರೆ ಬಹುಮಟ್ಟಿಗೆ ಪಶ್ಚಿಮದಲ್ಲಿಯೇ. ತಪ್ಪು 30 ಡಿಗ್ರಿಗೂ ಹೆಚ್ಚು. 30 ಡಿಗ್ರಿ ತಪ್ಪಿನಲ್ಲಿ 1 ಕಿಲೋಮೀಟರ್ ನಡೆದವನು ಗುರಿಯ ರೇಖೆಯಿಂದ ಅರ್ಧ ಕಿಲೋಮೀಟರ್ ಪಕ್ಕಕ್ಕೆ ಬಂದಿರುತ್ತಾನೆ. ನಾವು ಪೂರ್ವವೆಂದು ನಡೆದದ್ದು ಆಗ್ನೇಯದ ಕಡೆಗೆ. ಇದರಲ್ಲಿ ಒಂದು ವಿನೋದವೂ ಉಂಟು. ಆ 35 ನಿಮಿಷಗಳ ತಿದ್ದುಪಡಿಯನ್ನು ಮಾಡದೆ 4 ಗಂಟೆಯೆಂದೇ ಹಿಡಿದಿದ್ದರೆ ನಮ್ಮ ತಪ್ಪು ಎಂಟು ಒಂಬತ್ತು ಡಿಗ್ರಿಗಳಷ್ಟು ಕಡಿಮೆಯಾಗುತ್ತಿತ್ತು. ಬುಡವೇ ಸರಿಯಿಲ್ಲದ ಕಡೆ ಸೂಕ್ಷ್ಮವಾದ ತಿದ್ದುಪಡಿ ಕೆಡುಕನ್ನೇ ಹೆಚ್ಚಿಸಬಹುದು.

ಕಾಲಕ್ಕೆ ತಕ್ಕಂತೆ ಈ ತಪ್ಪು ಬದಲಾಗುತ್ತದೆ. ಡಿಸೆಂಬರ್ ತಿಂಗಳಿನಲ್ಲಿ ಸೂರ್ಯ ದಕ್ಷಿಣಕ್ಕೆ ಸರಿದಿರುವುದರಿಂದ, ಕಳಸದಲ್ಲಿ ಸೂರ್ಯಕಾಲ 3 ಗಂಟೆಗೆ ತಪ್ಪು ಆರು ಡಿಗ್ರಿ ಮಾತ್ರ. ಆಗ ಪರೀಕ್ಷಿಸಿ ನೋಡಿದವರು ಉಪಾಯ ಸರಿಯೆಂದೇ ನಂಬುತ್ತಾರೆ. ಏಪ್ರಿಲ್ ಕೊನೆಯ ವಾರದಲ್ಲಿಯೂ ಆಗಸ್ಟ್ ಮಧ್ಯದಲ್ಲಿಯೂ ಸೂರ್ಯ ನಡುಹಗಲಿನಲ್ಲಿ ಕಳಸದ ನೆತ್ತಿಯ ಮೇಲೆ ಹಾದುಹೋಗುತ್ತಾನೆ. ಈ ಎರಡರ ನಡುವಣ ದಿನಗಳಲ್ಲಿ ಅವನು ನೆತ್ತಿಗಿಂತಲೂ ಉತ್ತರಕ್ಕಿರುತ್ತಾನೆ. ಮೇ ತಿಂಗಳ ಮಧ್ಯಾಹ್ನ ಗಡಿಯಾರವನ್ನು ನಂಬಿದವನ ತಪ್ಪು 60 ಡಿಗ್ರಿಗಳಷ್ಟಾಗುವುದು. ಜರ್ಮನಿಯಲ್ಲಿಯೂ ಜೂನ್ ತಿಂಗಳಿನಲ್ಲಿ 25 ಡಿಗ್ರಿಯಷ್ಟು ತಪ್ಪು ಬರುತ್ತದೆ. ಆದರೆ ಅಲ್ಲಿ ಮರದ ಮೇಲಿನ ಬಣ್ಣದ ಗುರುತುಗಳು ನಮ್ಮ ತಪ್ಪನ್ನು ಮುಚ್ಚಿಕೊಂಡಿದ್ದವು.

ಊರುಗೋಲಿನ ನೆರಳು

ಕೊರಕಲಿನ ಅಂಚಿನಲ್ಲಿ ಸ್ವಲ್ಪ ಹೊತ್ತು ಕುಳಿತು ನೀರು ಕುಡಿದೆವು. ಓಡಾಡಬೇಕೆಂಬ ಆತುರವನ್ನು ತಡೆದು ಕುಳಿತುದೇ ಆ ದಿನ ನಾವು ಮಾಡಿದ ಮೊದಲನೆಯ ಸರಿಯಾದ ಕೆಲಸ. ಗಡಿಯಾರವೂ ಸೂತ್ರವೂ ಇಲ್ಲದೆ, ಸೂರ್ಯನನ್ನೇ ನೇರವಾಗಿ ಕೇಳುವ ಉಪಾಯವಿದೆಯೇ ಎಂದು ಆಲೋಚಿಸಿದೆವು. ಸ್ವಲ್ಪ ಮೇಲಕ್ಕೆ ಹತ್ತಿ, ಮರಗಳಿಲ್ಲದ ಒಂದು ಸಮತಟ್ಟಾದ ಹಾಸುಬಂಡೆಯನ್ನು ಸೇರಿದೆವು. ಅಲ್ಲಿ ಒಂದು ಬಿರುಕಿನಲ್ಲಿ ಊರುಗೋಲನ್ನು ನೆಟ್ಟಗೆ ನಿಲ್ಲಿಸಿ, ನೆರಳಿನ ತುದಿಯಲ್ಲಿ ಒಂದು ಕಲ್ಲನ್ನಿಟ್ಟೆವು. ಆಗ ಸಮಯ 5 ಗಂಟೆ. ಇಪ್ಪತ್ತು ನಿಮಿಷ ಕಾದೆವು. ಕಾಡಿನಲ್ಲಿ ಒಂಟಿಯಾಗಿ, ಹೊತ್ತು ಇಳಿಯುತ್ತಿರುವಾಗ, ಇಪ್ಪತ್ತು ನಿಮಿಷ ಸುಮ್ಮನೆ ಕಾಯುವುದು ಸುಲಭವಲ್ಲ. 5-20ಕ್ಕೆ ನೆರಳಿನ ತುದಿ ಒಂದು ಮೊಳಕ್ಕಿಂತ ಹೆಚ್ಚು ಮುಂದಕ್ಕೆ ಸರಿದಿತ್ತು. ಅಲ್ಲಿ ಎರಡನೆಯ ಕಲ್ಲನ್ನಿಟ್ಟೆವು. ಮೊದಲನೆಯ ಕಲ್ಲಿನಿಂದ ಎರಡನೆಯ ಕಲ್ಲಿಗೆ ಎಳೆದ ರೇಖೆ ಪಶ್ಚಿಮದಿಂದ ಪೂರ್ವಕ್ಕೆ ಹೋಗುತ್ತದೆ.

ಹಗಲಿರುಳುಗಳು ಸಮನಾಗಿರುವ ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳ ಕೊನೆಯ ವಾರಗಳಲ್ಲಿ ನೆರಳಿನ ತುದಿ ಪೂರ್ವ ಪಶ್ಚಿಮವಾದ ಸರಳರೇಖೆಯ ಮೇಲೆಯೇ ಚಲಿಸುತ್ತದೆ. ಇತರ ಕಾಲಗಳಲ್ಲಿ ಆ ದಾರಿ ಸ್ವಲ್ಪ ಬಾಗಿರುತ್ತದೆ. ಬೆಳಗಿನ ಮತ್ತು ಸಂಜೆಯ ತುದಿಗಳಲ್ಲಿ ಆ ಬಾಗು ಹೆಚ್ಚು, ನಡುಹಗಲಿನ ಹತ್ತಿರ ಅತ್ಯಲ್ಪ. ವಾಚಕರು ತಮ್ಮ ಮನೆಯ ಅಂಗಳದಲ್ಲಿಯೇ ಒಂದು ಕೋಲನ್ನು ನೆಟ್ಟು ಇದನ್ನು ಪರೀಕ್ಷಿಸಿ ನೋಡಬಹುದು. ನಮ್ಮ ನಾಡಿನವರು ನೆನಪಿಡಬೇಕಾದ ಇನ್ನೊಂದು ಸುಲಭವಾದ ಮಾತೂ ಉಂಟು. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನ 4 ಗಂಟೆಯ ಮೇಲೆ ಸೂರ್ಯ ಪಶ್ಚಿಮಕ್ಕೆ ಅಥವಾ ತುಸು ವಾಯವ್ಯಕ್ಕೆ ಇರುತ್ತಾನೆ. ಚಳಿಗಾಲದಲ್ಲಿ ನೈರುತ್ಯದ ಕಡೆಗೆ ವಾಲಿದರೂ, ಡಿಸೆಂಬರಿನಲ್ಲಿ ಮುಳುಗುವ ಹೊತ್ತಿಗೆ ಪಶ್ಚಿಮದಿಂದ 24 ಡಿಗ್ರಿಗಿಂತ ಹೆಚ್ಚು ದೂರವಿರುವುದಿಲ್ಲ. ಅಜ್ಜಂದಿರು 'ಪಡುವಣ' ಎಂದು ಕರೆದದ್ದು ಸೂರ್ಯ ಪಡುವ ಎಡೆಯನ್ನು. ಆ ಒಂದು ಪದವನ್ನು ನಂಬಿದ್ದರೆ ನಾವು ಕೊರಕಲಿಗೆ ಬರುತ್ತಿರಲಿಲ್ಲ.

ದಿಕ್ಕು ತಿಳಿದಮೇಲೆ ಅದನ್ನು ಉಳಿಸಿಕೊಂಡು ನಡೆಯುವುದು ಇನ್ನೊಂದು ಕೆಲಸ. ಅದಕ್ಕೆ ನಾವು ಭೂಮಾಪಕರ ಪದ್ಧತಿಯನ್ನು ಅನುಸರಿಸಿದೆವು. ಪೂರ್ವದ ರೇಖೆಯಲ್ಲಿ ಒಂದರ ಹಿಂದೆ ಒಂದು ಕಾಣುವ ಎರಡು ಮರಗಳನ್ನು ಆರಿಸಿಕೊಳ್ಳಬೇಕು. ಮೊದಲನೆಯ ಮರವನ್ನು ಮುಟ್ಟುವುದಕ್ಕೆ ಮುನ್ನ, ಅವೆರಡರ ಸಾಲಿನಲ್ಲಿಯೇ ಅವುಗಳ ಆಚೆಗೆ ಮೂರನೆಯ ಮರವೊಂದನ್ನು ಗೊತ್ತುಮಾಡಿಕೊಳ್ಳಬೇಕು. ಹೀಗೆ ಮರದಿಂದ ಮರಕ್ಕೆ ಸಾಗಿದರೆ 'ನೇರ' ಎಂಬುದನ್ನು ಒಳಕಿವಿಗೆ ಬಿಡದೆ ಕಣ್ಣಿಗೆ ಒಪ್ಪಿಸಿದಂತಾಗುತ್ತದೆ. ಮತ್ತೊಂದು ನಿಯಮವೂ ಇದೆ. ಗುರಿ ಒಂದು ಬಿಂದುವಾಗಿರಬಾರದು, ಒಂದು ರೇಖೆಯಾಗಿರಬೇಕು. ಮನೆಯನ್ನೇ ಹುಡುಕಿಕೊಂಡು ಹೋದವನು ಅದನ್ನು ಕೂದಲೆಳೆಯಲ್ಲಿ ತಪ್ಪಿಸಿಕೊಂಡು ಮುಂದೆ ಹೋಗಬಹುದು. ಉದ್ದವಾದ ಅಗಳನ್ನೋ ರಸ್ತೆಯನ್ನೋ ಗುರಿಯಾಗಿಟ್ಟುಕೊಂಡವನು ಸ್ವಲ್ಪ ತಪ್ಪಿ ನಡೆದರೂ ಅದನ್ನು ಸೇರಿಯೇ ಸೇರುತ್ತಾನೆ.

ಸಂಜೆಯಿಲ್ಲದ ಕಾಡು

ನಮ್ಮ ಮನಸ್ಸಿನಲ್ಲಿ ಇನ್ನೊಂದು ಪರದೇಶದ ಅಭ್ಯಾಸ ಉಳಿದಿತ್ತು. ಅದು ಸಂಜೆಯ ವಿಷಯ. ಟ್ಯೂಬಿಂಗೆನ್ನಿನಲ್ಲಿ ಜೂನ್ ತಿಂಗಳ ಸೂರ್ಯ ಮುಳುಗುವುದು ಅಲ್ಲಿನ ಬೇಸಗೆಯ ಗಡಿಯಾರದಂತೆ ರಾತ್ರಿ ಒಂಬತ್ತೂವರೆಗೆ. ಮುಳುಗಿದ ಮೇಲೂ ನಲವತ್ತು ನಿಮಿಷದಷ್ಟು ಹೊತ್ತು ನಡೆದಾಡಲು ಸಾಕಾಗುವ ಬೆಳಕಿರುತ್ತದೆ. ಏಕೆಂದರೆ ಅಲ್ಲಿ ಸೂರ್ಯ ದಿಗಂತದ ಕೆಳಕ್ಕೆ ಬಹಳ ಓರೆಯಾಗಿ ಜಾರುತ್ತಾನೆ. ನಮ್ಮಲ್ಲಿ ಅವನು ಹೆಚ್ಚುಕಡಿಮೆ ನೆಟ್ಟಗೆ ಇಳಿಯುವುದರಿಂದ ಅಂಥ ಬೆಳಕು ಇಪ್ಪತ್ತು ಇಪ್ಪತ್ತಮೂರು ನಿಮಿಷಗಳಲ್ಲಿ ಮುಗಿದುಹೋಗುತ್ತದೆ.

ಕಾಡಿನೊಳಗೆ ಅಷ್ಟೂ ಸಿಗುವುದಿಲ್ಲ. ನಿತ್ಯಹರಿದ್ವರ್ಣದ ಕಾಡಿನ ನೆಲಕ್ಕೆ ಮೇಲಿನ ಬೆಳಕಿನಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ ಇಳಿಯುತ್ತದೆ. ನಿರ್ಮಲವಾದ ಆಕಾಶವಿದ್ದರೆ ಸೂರ್ಯ ಮುಳುಗುವಾಗ ಬಯಲಿನಲ್ಲಿ ಸುಮಾರು 400 ಲಕ್ಸ್ ಬೆಳಕಿರುತ್ತದೆ. ಸಂಜೆಬೆಳಕು ಮುಗಿಯುವ ಹೊತ್ತಿಗೆ ಅದು 3 ಅಥವಾ 4 ಲಕ್ಸಿಗೆ ಇಳಿಯುತ್ತದೆ. 400ರಲ್ಲಿ ನೂರನೆಯ ಒಂದು ಪಾಲು 4. ಅಂದರೆ ದಟ್ಟವಾದ ಕಾಡಿನಲ್ಲಿ, ಸೂರ್ಯ ಮುಳುಗುವ ಕ್ಷಣದಲ್ಲಿಯೇ ಸಂಜೆಯೂ ಮುಗಿದಿರುತ್ತದೆ. ಕಳಸದಲ್ಲಿ ಆ ದಿನ ಸೂರ್ಯಾಸ್ತ ಸುಮಾರು 6-40ಕ್ಕೆ. ಪಶ್ಚಿಮಕ್ಕೆ ಬೆಟ್ಟಗಳ ಸಾಲಿದ್ದರೆ ಸೂರ್ಯ ಅದಕ್ಕಿಂತ ಮೊದಲೇ ಮರೆಯಾಗುತ್ತಾನೆ. ಹಾಸುಬಂಡೆಯಿಂದ ಹೊರಟಾಗ ನಮಗಿದ್ದದ್ದು ಹೆಚ್ಚೆಂದರೆ ಒಂದು ಗಂಟೆ.

ಉಳಿದ ಹಗಲನ್ನು ಕೈಯಿಂದಲೇ ಅಳೆಯಬಹುದು. ಸೂರ್ಯನನ್ನು ದಿಟ್ಟಿಸಿ ನೋಡದೆ, ತೋಳು ಚಾಚಿ, ಸೂರ್ಯನ ಕೆಳಗೆ ದಿಗಂತದವರೆಗೆ ಬೆರಳುಗಳನ್ನು ಅಡ್ಡವಾಗಿ ಇಡಬೇಕು. ನಾಲ್ಕು ಬೆರಳುಗಳ ಅಗಲ ಸುಮಾರು 8 ಡಿಗ್ರಿ. ನಮ್ಮ ಅಕ್ಷಾಂಶದಲ್ಲಿ ಸಂಜೆಯ ಸೂರ್ಯ ಒಂದು ಡಿಗ್ರಿ ಇಳಿಯಲು ಸುಮಾರು 4 ನಿಮಿಷ ಬೇಕು. ಆದುದರಿಂದ ನಾಲ್ಕು ಬೆರಳೆಂದರೆ ಅರ್ಧ ಗಂಟೆ.

ದಿಕ್ಸೂಚಿ, ಹಳ್ಳ ಮತ್ತು ಫೋನು

ಅಯಸ್ಕಾಂತದ ದಿಕ್ಸೂಚಿಯೊಂದು ಇದ್ದಿದ್ದರೆ ಇಷ್ಟೆಲ್ಲ ಕಷ್ಟವೇಕೆ ಎಂದು ವಾಚಕರು ಕೇಳಬಹುದು. ಅದು ಉತ್ತಮವಾದ ಸಾಧನವೇ. ಆದರೆ ಕಳಸದ ಆಸುಪಾಸಿನಲ್ಲಿ ಎಚ್ಚರಿಕೆ ಬೇಕು. ಕುದುರೆಮುಖದ ಬೆಟ್ಟಗಳಲ್ಲಿ ಕಬ್ಬಿಣದ ಅದುರಿನ ದೊಡ್ಡ ನಿಕ್ಷೇಪವಿರುವುದನ್ನು ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರರು 1913ರಲ್ಲಿ ಕಂಡುಹಿಡಿದರು. ಅಲ್ಲಿನ ಗಣಿಗಾರಿಕೆ ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಂತೆ 2005ರ ಕೊನೆಯಲ್ಲಿ ನಿಂತಿತು. ಆದರೆ ಅದುರು ಬೆಟ್ಟದಲ್ಲಿಯೇ ಇದೆ. ಅದರಲ್ಲಿ ಮ್ಯಾಗ್ನಟೈಟ್ ಎಂಬ, ತಾನೇ ಅಯಸ್ಕಾಂತದಂತೆ ವರ್ತಿಸುವ ಖನಿಜ ಸೇರಿದೆ. ಅಂಥ ಬಂಡೆಗಳ ಹತ್ತಿರ ದಿಕ್ಸೂಚಿಯ ಮುಳ್ಳು ಉತ್ತರವನ್ನು ಬಿಟ್ಟು ಬಂಡೆಯ ಕಡೆಗೆ ಒಲೆಯಬಹುದು. ಮೊಬೈಲ್ ಫೋನಿನ ಒಳಗಿರುವ ದಿಕ್ಸೂಚಿಗೂ ಇದೇ ಗತಿ.

ಫೋನಿನ ಸ್ಥಾನಸೂಚಕ ಉಪಗ್ರಹಗಳನ್ನು ಅವಲಂಬಿಸಿದೆ. ಜಿ.ಪಿ.ಎಸ್. ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಅವುಗಳ ಸಂಕೇತ ನಮ್ಮನ್ನು ಸೇರುವ ಹೊತ್ತಿಗೆ ಬಹಳ ಕ್ಷೀಣವಾಗಿರುತ್ತದೆ. ನೀರಿನಿಂದ ತುಂಬಿದ ಎಲೆಗಳ ಚಪ್ಪರ ಅದನ್ನು ಇನ್ನಷ್ಟು ಹೀರುತ್ತದೆ. ನಕ್ಷೆಯನ್ನು ಮೊದಲೇ ಫೋನಿನಲ್ಲಿ ತುಂಬಿಸಿಕೊಳ್ಳದಿದ್ದರೆ, ದೂರವಾಣಿಯ ಸಂಪರ್ಕವಿಲ್ಲದ ಕಾಡಿನಲ್ಲಿ ನಿಂತ ಸ್ಥಳದ ಅಂಕಿಗಳು ತಿಳಿದರೂ ದಾರಿ ತಿಳಿಯುವುದಿಲ್ಲ. ನಮ್ಮ ಫೋನು ಅಂದು ಮನೆಯ ಮೇಜಿನ ಮೇಲೆ ವಿದ್ಯುತ್ತು ತುಂಬಿಕೊಳ್ಳುತ್ತಾ ಕುಳಿತಿತ್ತೆಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳಬೇಕು.

ಹರಿಯುವ ನೀರನ್ನು ಹಿಂಬಾಲಿಸಿದರೆ ಊರು ಸಿಗುತ್ತದೆಂಬ ಮಾತೂ ಇಲ್ಲಿ ಎಲ್ಲ ಕಡೆಗೂ ಸಲ್ಲದು. ಕುದುರೆಮುಖ ಸೀಮೆಯ ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುತ್ತವೆ. ಭದ್ರೆ ಕಳಸದ ಬಳಿ ಹರಿದು, ಕೂಡಲಿಯಲ್ಲಿ ತುಂಗೆಯನ್ನು ಸೇರಿ, ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ನೇತ್ರಾವತಿಯಾದರೋ ಘಟ್ಟವನ್ನು ಇಳಿದು ಮಂಗಳೂರಿನ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತಾಳೆ. ನೀರನ್ನು ಹಂಚುವ ಏಣಿನ ಪೂರ್ವದಲ್ಲಿ ಹಳ್ಳವನ್ನು ಹಿಡಿದವನು ಗದ್ದೆ ತೋಟಗಳನ್ನು ಸೇರಬಹುದು. ಪಶ್ಚಿಮದಲ್ಲಿ ಹಿಡಿದವನನ್ನು ಹಳ್ಳ ಘಟ್ಟದ ಕಡಿದಾದ ಪ್ರಪಾತಗಳ ಕಡೆಗೆ ಒಯ್ಯುತ್ತದೆ.

ಮನೆಗೆ

ಹಾಸುಬಂಡೆಯಿಂದ ಮರದ ಸಾಲು ಹಿಡಿದು, ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ನಡೆದೆವು. ನಮ್ಮ ನೆರಳೇ ಉದ್ದವಾಗಿ ಮುಂದೆ ಬಿದ್ದು ದಾರಿ ತೋರಿಸುತ್ತಿತ್ತು. ಆರು ಗಂಟೆಯ ಹೊತ್ತಿಗೆ ನೆರಳು ಮಾಯವಾಯಿತು. ಜೀರುಂಡೆಗಳ ಸದ್ದು ಏರಿತು. ಮೂರನೆಯ ಮರ ಯಾವುದೆಂದು ಕಣ್ಣಿಗೆ ಸ್ಪಷ್ಟವಾಗಿ ಕಾಣದಂತಾಯಿತು. ಆಗ ಗಾಳಿಯಲ್ಲಿ ಕಾಫಿ ಹೂವಿನ ಪರಿಮಳ ಬಂದಿತು. ಇನ್ನೂ ಸ್ವಲ್ಪ ದೂರ ಸಾಗಿದಾಗ ಕಾಲ ಕೆಳಗೆ ನೆಲ ತಗ್ಗಾಯಿತು. ಅದು ತೋಟದ ಅಗಳು. ಸಮಯ 6-15. ಮಾವನವರು ಇಬ್ಬರು ಆಳುಗಳೊಡನೆ ಟಾರ್ಚು ಹಿಡಿದು ಅಗಳಿನ ದಂಡೆಯಲ್ಲಿ ನಿಂತಿದ್ದರು. ಅವರು ಬೈಯಲಿಲ್ಲ. "ಏನಪ್ಪಾ, ಬಳ್ಳಿ ತುಳಿದೆಯಾ?" ಎಂದು ಮಾತ್ರ ಕೇಳಿದರು. "ಹೌದು ಮಾವ, ತುಳಿದೆ" ಎಂದೆವು.

ಅದು ಹಾಸ್ಯದ ಉತ್ತರವಾಗಿರಲಿಲ್ಲ. ಹತ್ತು ವರ್ಷಗಳಿಂದ ಅಕ್ಷಾಂಶ ರೇಖಾಂಶಗಳ ಪಾಠ ಹೇಳುತ್ತ ಬಂದ ನಾವು, 48 ಡಿಗ್ರಿಯ ಆಕಾಶಕ್ಕೆ ಹೊಂದುವ ಅಭ್ಯಾಸವನ್ನು 13 ಡಿಗ್ರಿಯ ಆಕಾಶದ ಕೆಳಗೆ ಪರೀಕ್ಷಿಸದೆ ತಂದಿದ್ದೆವು. ನಿಸರ್ಗದ ನಿಯಮಗಳು ಎಲ್ಲ ದೇಶಗಳಲ್ಲಿಯೂ ಒಂದೇ. ಆದರೆ ಆ ನಿಯಮಗಳಿಂದ ಹೆಣೆದ ಕೈಯುಪಾಯಗಳು ಅವು ಹುಟ್ಟಿದ ನೆಲದ ಅಳತೆಗೆ ಹೊಲಿದ ಅಂಗಿಗಳಿದ್ದಂತೆ. ತೊಡುವ ಮುನ್ನ ನಮ್ಮ ಮೈಗೆ ಹಿಡಿದು ನೋಡಬೇಕು.

ಕಾಡಿಗೆ ಹೋಗುವವರು ಅರಣ್ಯ ಇಲಾಖೆಯ ಅನುಮತಿ ಪಡೆದು, ದಾರಿ ಬಲ್ಲ ಸ್ಥಳೀಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುವುದು ಒಳ್ಳೆಯದು. ಹೊರಡುವಾಗ ಸೂರ್ಯ ಯಾವ ಪಕ್ಕಕ್ಕಿದ್ದಾನೆ, ಸಮೀಪದ ರಸ್ತೆ ಯಾವ ದಿಕ್ಕಿಗಿದೆ ಎಂಬ ಎರಡನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಮರಳುತ್ತೇವೆ ಎಂಬುದನ್ನು ಮನೆಯವರಿಗೆ ತಿಳಿಸಿರಬೇಕು. ದಾರಿ ತಪ್ಪಿತೆಂಬ ಅನುಮಾನ ಬಂದೊಡನೆ ನಿಲ್ಲಬೇಕು. ಮಾವನವರ ತೋಟಕ್ಕೆ ಹೋದಾಗಲೆಲ್ಲ ನಾವು ಈಗಲೂ ಕಾಡಿಗೆ ಹೋಗುತ್ತೇವೆ. ಆದರೆ ಜೊತೆಗೊಬ್ಬರು ಇರುತ್ತಾರೆ. ಊರುಗೋಲನ್ನಂತೂ ಮರೆಯುವುದಿಲ್ಲ.